ಸ್ಟೋರ್ ತಾತನ ಮೂರನೇ ಪೆಟ್ಟಿಗೆ

ಮೂವತ್ತು ವರ್ಷ ಬಸ್ ಡಿಪೋದ ಸ್ಟೋರಿನಲ್ಲಿ ನಟ್ಟು ಬೋಲ್ಟು ಕಾದವರ ಕೈ ನಿವೃತ್ತಿಯಾದ ಮೇಲೆ ಸುಮ್ಮನಿರುತ್ತದೆಯೇ? ಬೀದಿಯವರೆಲ್ಲ ಸ್ಟೋರ್ ತಾತ ಎಂದೇ ಕರೆಯುವ ಅವರ ಕಣ್ಣು ಐದು ವರ್ಷದ ಮೊಮ್ಮಗಳ ಆಟದ ಸಾಮಾನಿನ ಮೇಲೆ ಬಿತ್ತು. ಕಾಲಿಟ್ಟಲ್ಲೆಲ್ಲ ಚಕ್ರ, ಗೊಂಬೆ, ಅಡುಗೆ ಸೆಟ್ಟು. ಇದೇನು ಮನೆಯೋ ಗುಜರಿ ಅಂಗಡಿಯೋ ಎಂದು ಗೊಣಗುತ್ತ ಮೂರು ದೊಡ್ಡ ಮರದ ಪೆಟ್ಟಿಗೆ ತಂದು ಸಾಮಾನನ್ನೆಲ್ಲ ಹಂಚಿ ತುಂಬಿದರು. ಒಂದು ಹೊರಗೆ, ಎರಡು ಒಳಕೋಣೆಯಲ್ಲಿ. ಹದಿನೈದು ದಿನಕ್ಕೊಮ್ಮೆ ಪಾಳಿ ಬದಲು.

ಮೊದಲ ಸಲ ಅವಳು ಅತ್ತು ರಂಪ ಮಾಡಿದಳು.

"ದಿನಾ ಕಣ್ಮುಂದೆ ಇದ್ರೆ ಯಾರಿಗೂ ಬೇಡ ಆಗುತ್ತೆ ಪುಟ್ಟಿ," ಎಂದರು ತಾತ. "ಹದಿನೈದು ದಿನ ಒಳಗಿಟ್ಟು ತೆಗಿ. ಹೊಸದು ಬಂದ ಹಾಗೆ ಮುದ್ದು ಮಾಡ್ತಾರೆ, ನೋಡು."

ಮಾತು ನಿಜವಾಯಿತು. ಹದಿನೈದು ದಿನದ ಮೇಲೆ ಹೊರಬಂದ ಕಿವಿಯಿಲ್ಲದ ಆನೆಯನ್ನು ಅವಳು ತಬ್ಬಿಕೊಂಡೇ ಮಲಗಿದಳು. ತಾತ ಬೀಗಿದ್ದೇ ಬೀಗಿದ್ದು! ಎದುರುಮನೆಯವರಿಗೂ ಪಾಠ ಹೇಳಿ ಬಂದರು.

ಅಷ್ಟರಲ್ಲಿ ಪುಟ್ಟಿಗೆ ತಮ್ಮ ಹುಟ್ಟಿದ. ಇನ್ನೇನು ಕೇಳುತ್ತೀರಿ! ಬಂದವರೆಲ್ಲ ನೇರ ತೊಟ್ಟಿಲಿಗೆ. ಪುಟ್ಟಿ ಬಾಯಿ ತೆರೆದರೆ "ಶ್, ಪಾಪು ಮಲಗಿದೆ" ಎನ್ನುವುದೊಂದೇ ಮಾತು.

ಒಂದು ಮಧ್ಯಾಹ್ನ ತಾತನ ಮಗಳು ಕೂಸನ್ನೆತ್ತಿಕೊಂಡು ಕೋಣೆಯಿಂದ ಬಂದಳು. "ಅಪ್ಪಾ, ಪುಟ್ಟಿ ಎಲ್ಲಿ?"

"ನಿನ್ನ ಹತ್ರ ಇದ್ಲಲ್ಲ?"

"ಅಯ್ಯೋ, ನಾನು ನಿಮ್ಮ ಹತ್ರ ಅಂದ್ಕೊಂಡಿದ್ದೆ!"

ತಾತ ಹುಡುಕುತ್ತ ಓಡಿದರು. ಮಹಡಿ, ನೀರಿನ ತೊಟ್ಟಿ, ಎದುರುಮನೆ, ಬೀದಿಯ ತುದಿ. ಕೂಗಿ ಕೂಗಿ ಗಂಟಲು ಬಿದ್ದುಹೋಯಿತು, ಓ ಎನ್ನುವವರಿಲ್ಲ. ಯಾರಾದರೂ ಎತ್ತಿಕೊಂಡು ಹೋಗಿದ್ದರೆ? ವಾಪಸ್ ಓಡಿ ಬಂದಾಗ ಬಾಗಿಲಲ್ಲಿ ಅವಳ ಚಪ್ಪಲಿ ಕಂಡಿತು. ಹಾಗಾದರೆ ಮನೆಯಲ್ಲೇ ಇದ್ದಾಳೆ!

ಒಳಕೋಣೆಯಲ್ಲಿ ಮೂರನೇ ಪೆಟ್ಟಿಗೆಯ ಸಾಮಾನೆಲ್ಲ ಗೋಡೆಯ ಪಕ್ಕ ಸಾಲಾಗಿ ಕೂತಿತ್ತು. ಅದರ ಪಾಳಿಗೆ ಇನ್ನೂ ಒಂದು ವಾರವಿತ್ತು. ಮತ್ತೆ ಪೆಟ್ಟಿಗೆಯೊಳಗೆ ಏನಿದೆ? ತಾತ ಬಗ್ಗಿ ಮುಚ್ಚಳ ಎತ್ತಿದರು.

ಮಂಡಿ ಮಡಚಿ, ಬೆವರಲ್ಲಿ ತೊಯ್ದು, ಕಣ್ಣು ಮುಚ್ಚಿ ಮಲಗಿದ್ದಳು. ತಾತ ಕೆನ್ನೆ ಮುಟ್ಟಿದರು. ಒಂದು ಕಣ್ಣು ತೆರೆಯಿತು. ಅವಳು ಜೊತೆಗಿಟ್ಟುಕೊಂಡಿದ್ದ ಬಟ್ಟೆ ಗೊಂಬೆಯ ಕಾಲು ಮುಚ್ಚಳಕ್ಕೆ ಸಿಕ್ಕಿಕೊಂಡು ಗಾಳಿಗೆ ಸಂದಿ ಉಳಿದಿತ್ತು. ಇಲ್ಲದಿದ್ದರೆ, ಬಿಡಿ, ಆ ಮಾತು ಬೇಡ.

"ಅಷ್ಟು ಕೂಗಿದ್ವಲ್ಲೇ, ಓ ಅನ್ಬಾರ್ದಾ?"

"ಪೆಟ್ಟಿಗೆ ಒಳಗಿರೋ ಸಾಮಾನು ಮಾತಾಡುತ್ತಾ ತಾತ?" ಎಂದಳು ಪುಟ್ಟಿ. ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣವಿತ್ತು. "ದಿನಕ್ಕೊಂದು ಅಂತ ಹದಿನೈದು ತಂದಿದ್ದೆ. ನಾಲ್ಕು ಈಗ್ಲೇ ತಿಂದ್ಬಿಟ್ಟೆ."

ತಾತ ಅವಳ ಹಣೆಯ ಬೆವರು ಒರೆಸಿದರು.

"ಮುಚ್ಚಳ ಹಾಕು ತಾತ. ಹದಿನೈದು ದಿನ ಆದ್ಮೇಲೆ ಅಮ್ಮಂಗೆ ತೋರಿಸು."

ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಅಮ್ಮ, ಕೂಸನ್ನು ತಾತನ ಕೈಗಿತ್ತು, ಪೆಟ್ಟಿಗೆಯೊಳಕ್ಕೆ ಬಾಗಿ ಮಗಳನ್ನು ಬಾಚಿ ಎತ್ತಿಕೊಂಡಳು.