ಓಡಿ ಬರುವವರ ಬಟನ್

ನಮ್ಮ ಮಾವ, ಅಂದರೆ ಹೆಂಡತಿಯ ತಂದೆ, ಇಪ್ಪತ್ತಾರು ವರ್ಷದಿಂದ ವಿಶ್ವವಿದ್ಯಾಲಯದ ಆವರಣದೊಳಗೇ ಬಸ್ ಓಡಿಸುತ್ತಿದ್ದಾರೆ. ಹಾಸ್ಟೆಲಿನಿಂದ ಲ್ಯಾಬಿಗೆ, ಲ್ಯಾಬಿನಿಂದ ಲೈಬ್ರರಿಗೆ, ಮತ್ತೆ ಹಾಸ್ಟೆಲಿಗೆ. ಇಷ್ಟು ಸುತ್ತಿದರೂ ಒಂದು ಪದವಿ ಸಿಗಲಿಲ್ಲವಲ್ಲ ಎಂದು ಅತ್ತೆ ಆಗಾಗ ಕಿಚಾಯಿಸುತ್ತಾರೆ. ಮಾವನದು ಒಂದೇ ದೌರ್ಬಲ್ಯ. ಕನ್ನಡಿಯಲ್ಲಿ ಯಾರಾದರೂ ಓಡಿ ಬರುವುದು ಕಂಡರೆ ಅವರ ಕಾಲು ಬ್ರೇಕಿನಿಂದ ಏಳುವುದಿಲ್ಲ. ವಿದ್ಯಾರ್ಥಿಗಳು ಅವರನ್ನು ಕರೆಯುವುದೇ ‘ಎರಡ್ನಿಮಿಷ ಅಂಕಲ್’ ಎಂದು.

ಆ ಬಸ್ಸುಗಳ ಆ್ಯಪನ್ನು ಹೊಸದಾಗಿ ರೂಪಿಸುವ ಕೆಲಸ ನನ್ನ ಪಾಲಿಗೆ ಬಂತು. ಹಳೆಯದರಲ್ಲಿ ಬಸ್ಸು ಸದಾ ಕೆರೆಯ ನಡುವೆ ನಿಂತಿರುತ್ತಿತ್ತು. ನಕ್ಷೆ ಸರಿ ಮಾಡಿದೆ, ಅಕ್ಷರ ದೊಡ್ಡದು ಮಾಡಿದೆ. ಮಾವನ ಅಭ್ಯಾಸ ನೆನೆದು ‘ಓಡಿ ಬರ್ತಿದ್ದೀನಿ’ ಎಂಬ ಬಟನ್ನನ್ನೂ ಇಟ್ಟೆ. ಒತ್ತಿದರೆ ಚಾಲಕನ ಮುಂದಿನ ಪರದೆಯಲ್ಲಿ ಒಂದು ಚುಕ್ಕೆ ಮೂಡುತ್ತದೆ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮೊದಲ ದಿನ ಬೆಳಿಗ್ಗೆ ಹಾಸ್ಟೆಲ್ ಮುಂದೆ ನಲವತ್ತೆರಡು ಚುಕ್ಕೆ ಮೂಡಿದವು. ಮಕ್ಕಳು ಹಾಸಿಗೆಯಲ್ಲಿ ಮಲಗಿಕೊಂಡೇ ಓಡುತ್ತಿದ್ದರು. ಮಾವ ನಲವತ್ತೆರಡೂ ಜನಕ್ಕೆ ಕಾದರು. ಒಳಗಿದ್ದವರು ಸೀಟು ಬಡಿದು ಕೂಗಿದರೂ ಜಗ್ಗಲಿಲ್ಲ.

“ನಮ್ಮ ಅಳಿಯಂದ್ರು ಮಾಡಿರೋದು. ಸುಳ್ಳು ಹೇಳುತ್ತಾ?” ಎಂದರಂತೆ.

ಬಸ್ಸು ಮೂವತ್ತೈದು ನಿಮಿಷ ತಡ. ಒಂದು ಇಡೀ ತರಗತಿ ಪರೀಕ್ಷೆಗೆ ತಡವಾಗಿ ಹೋಯಿತು. ಸಾರಿಗೆ ವಿಭಾಗದ ಮೇಡಂ, ಮಾವನನ್ನು ಬಸ್ಸಿನಿಂದ ಇಳಿಸಿ ಟೈರ್ ಗೋದಾಮಿಗೆ ಹಾಕುತ್ತೇನೆ ಎಂದರು. ತೀರ್ಮಾನ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ತಪ್ಪು ನನ್ನದು, ಶಿಕ್ಷೆ ಅವರಿಗೆ. ಎರಡು ದಿನ ನನಗೆ ಊಟ ಸೇರಲಿಲ್ಲ. ನಾನೇ ಹೋಗಿ ತಪ್ಪೊಪ್ಪಿಕೊಳ್ಳುತ್ತೇನೆ ಎಂದು ಅತ್ತೆಗೆ ಮಾತು ಕೊಟ್ಟೆ.

ಗುರುವಾರ ಮಾವನ ಬಸ್ಸಿನಲ್ಲೇ ಹೋಗೋಣವೆಂದು ಹೊರಟೆ. ನಿಲ್ದಾಣ ಇನ್ನೂ ನೂರು ಹೆಜ್ಜೆ ಇರುವಾಗ ಬಟನ್ ಒತ್ತಿದೆ. ಅಳಿಯನಲ್ಲವೇ, ಕಾಯುತ್ತಾರೆ ಎಂದು ತಪ್ಪೊಪ್ಪಿಗೆಯ ಪತ್ರವನ್ನು ಫೋನಿನಲ್ಲಿ ತಿದ್ದುತ್ತಾ ನಡೆದೆ. ತಲೆ ಎತ್ತಿದಾಗ ಬಸ್ಸು ಆಗಲೇ ತಿರುವು ದಾಟುತ್ತಿತ್ತು.

ಬೆವರು ಒರೆಸಿಕೊಳ್ಳುತ್ತಾ ಆಫೀಸು ತಲುಪಿದಾಗ ಒಂಬತ್ತೂ ಇಪ್ಪತ್ತು. ಮೇಡಂ ಮೇಜಿನೆದುರು ಮಾವ ಆರಾಮಾಗಿ ಕೂತಿದ್ದರು.

“ಏನ್ ಮಾವ, ನನ್ನನ್ನೇ ಬಿಟ್ಟು ಬಂದ್ರಲ್ಲ!”

“ನೀವು ಓಡ್ತಿರ್ಲಿಲ್ಲ ಅಳಿಯಂದ್ರೇ. ನಡೀತಿದ್ರಿ. ಅದೂ ಫೋನ್ ನೋಡ್ಕೊಂಡು.”

ಮೇಡಂಗೆ ನಗು ತಡೆಯಲಾಗಲಿಲ್ಲ. “ನಾನೂ ಅದೇ ಬಸ್ಸಲ್ಲಿದ್ದೆ. ನಿಮ್ಮ ಪರದೆಗೆ ಒರೆಸೋ ಬಟ್ಟೆ ಹೊದಿಸಿಬಿಟ್ಟಿದ್ರು. ಒಬ್ಬ ಹುಡುಗಿ ನಿಜವಾಗ್ಲೂ ಓಡಿ ಬಂದ್ಲು, ಅವಳಿಗೆ ನಿಂತ್ರು. ನಿಮಗೆ ನಿಲ್ಲಲಿಲ್ಲ. ಸರಿಯಾದ ಟೈಮಿಗೆ ಬಂದ್ವಿ. ಇವರು ಬಸ್ಸಲ್ಲೇ ಇರ್ಲಿ. ನೀವು ಮೊದ್ಲು ಆ ಬಟನ್ ತೆಗೀರಿ.”

ಅಷ್ಟು ಸಂತೋಷ, ಅಷ್ಟೇ ನಾಚಿಕೆ ನನಗೆ ಹಿಂದೆಂದೂ ಒಟ್ಟಿಗೆ ಆಗಿರಲಿಲ್ಲ. ಅಲ್ಲೇ ನಿಂತು ಬಟನ್ ತೆಗೆದುಹಾಕಿದೆ.

ಮಾವ ಎದ್ದರು. “ಒಂಬತ್ತೂವರೆ ಟ್ರಿಪ್ಪಿಗೆ ಹೊತ್ತಾಯ್ತು. ನೀವೂ ಬರ್ತೀರಾ?”

ಅವರು ಮೆಟ್ಟಿಲಿಳಿಯುವ ಮೊದಲೇ ನಾನು ಬಸ್ಸು ಹತ್ತಿ ಕೂತಿದ್ದೆ.