ಕರೆಂಟಿನ ನವಿಲಿಗೆ ನಮಸ್ಕಾರ

ಗೆಳೆಯರೇ, ಗೋಕಾಕ ಫಾಲ್ಸಿನಿಂದ ಈಗಷ್ಟೇ ಮನೆಗೆ ಬಂದೆ. ಅಲ್ಲಿ ಗಿರಣಿಯ ಬಿಳಿ ಸಾಹೇಬರ ಬಂಗಲೆಯ ತೋಟದಲ್ಲಿ ಬಣ್ಣದ ಬಲ್ಬುಗಳಿಂದ ಆಳೆತ್ತರದ ನವಿಲು ಮಾಡಿ ನಿಲ್ಲಿಸಿದ್ದಾರೆ. ಕಲ್ಲೋಳಿಯಿಂದ ಬಂದಿದ್ದ ಸೋದರತ್ತೆಗೆ ಕರೆಂಟು ಎಂದರೇನೆಂದು ತೋರಿಸಲು ಜಂಬದಿಂದ ಕರೆದೊಯ್ದಿದ್ದೆ.

ದೀಪ ಹತ್ತಿತು. ಸಂಜೆ ಮನೆಯಲ್ಲಿ ದೀಪ ಹಚ್ಚಿದಾಗ ಮಾಡುವಂತೆ ಅತ್ತೆ ಕೈ ಮುಗಿದಳು. ಅವಳನ್ನು ನೋಡಿ ಸೇರಿದ ಜನರೆಲ್ಲ ಕೈ ಮುಗಿದರು. ದೀಪ ಆರಿ ಮತ್ತೆ ಹತ್ತಿತು. ನವಿಲು ಕುಣಿಯುವುದೇ ಹಾಗೆ. ಮತ್ತೆ ಎಲ್ಲರೂ ಕೈ ಮುಗಿದರು.

"ಅತ್ತಿ, ಇದು ಕರೆಂಟ ಐತಿ. ಒಮ್ಮೆ ಮುಗದ್ರ ಸಾಕ," ಎಂದೆ.

"ಹತ್ತಿದ ದೀಪಕ್ಕ ಕೈ ಮುಗೀದ ಇದ್ರ ಹೆಂಗೋ? ಘಳಿಗಿಗೊಮ್ಮೆ ಆರಸಬ್ಯಾಡ ಅಂತ ಆ ದೀಪ ಹಚ್ಚಾವಗ ಹೇಳು," ಎಂದಳು.

ಅಷ್ಟರಲ್ಲಿ ಸಾಹೇಬರೇ ಬಂದು ನವಿಲಿನ ಮುಂದೆ ನಮ್ಮತ್ತ ಮುಖ ಮಾಡಿ ನಿಂತರು. ದೀಪ ಹತ್ತಿತು, ಎಲ್ಲರೂ ಕೈ ಜೋಡಿಸಿದರು. ನಮಸ್ಕಾರ ತಮಗೇ ಎಂದುಕೊಂಡ ಸಾಹೇಬರು ಟೋಪಿ ಎತ್ತಿ ತಲೆಬಾಗಿದರು. ದೀಪ ಆರಿ ಹತ್ತಿತು. ಮತ್ತೆ ಕೈ, ಮತ್ತೆ ಟೋಪಿ. ಎರಡೂ ಕಡೆಯವರು ಮರ್ಯಾದಸ್ಥರು, ಯಾರೂ ಸೋಲಲೊಲ್ಲರು. ಕೊನೆಗೆ ಸಾಹೇಬರೇ ಬೆವರು ಒರೆಸಿಕೊಂಡು, ದೀಪ ಆರಿಸದೆ ಹಾಗೇ ಬಿಡಲು ಹೇಳಿ ಒಳಗೆ ಹೋದರು. ನವಿಲಿನ ಕುಣಿತ ಅಲ್ಲಿಗೆ ನಿಂತಿತು. ನನಗೇನೂ ಬೇಸರವಿಲ್ಲ, ಅಷ್ಟರಲ್ಲಿ ಟೋಪಿಯ ಕುಣಿತ ನೋಡಿಯಾಗಿತ್ತು.

ದಾರಿಯಲ್ಲಿ ಅತ್ತೆ ಮರುಗುತ್ತಲೇ ಬಂದಳು:

"ಸಾಹೇಬ ಛಲೋ ಮನಶ್ಯಾನ ಅದಾನ. ಆದ್ರ ದೀಪಕ್ಕ ಬೆನ್ನ ಮಾಡಿ ನಮಸ್ಕಾರ ಮಾಡತಾನ. ಪಾಪ, ಮನ್ಯಾಗ ಯಾರೂ ಕಲಿಸಿಲ್ಲ ಕಾಣತೈತಿ."