ಪಂಪಿನ ಕಾಕಾ ಹಿಡಿದ ಗಾಳಿ

ಇವತ್ತು ಬೆಳಿಗ್ಗೆ ಚಪಾತಿ ಹಿಟ್ಟಿನ ಚೂರೊಂದು ಒಲೆಯ ಬದಿಗೆ ಬಿದ್ದು ಸೀದ ವಾಸನೆ ಬಂತು. ನನಗೆ ತಟ್ಟನೆ ಪಂಪಿನ ಕಾಕಾ ನೆನಪಾದರು... ರಂಗಂಪೇಟೆಯಲ್ಲಿ ನನ್ನ ಗ್ಯಾರೇಜಿನ ಪಕ್ಕದಲ್ಲೇ ಪಂಪ್‌ಸೆಟ್ ರಿಪೇರಿಯ ಶೆಡ್ಡು ಹಾಕಿಕೊಂಡಿದ್ದವರು.

ಕಾಲುವೆಗೆ ನೀರು ಬಂದಮೇಲೆ ದಂಡೆಯುದ್ದಕ್ಕೂ ಪಂಪುಗಳು ಕೂತಿದ್ದವು. ಅವೆಲ್ಲ ಒಮ್ಮೆಯಾದರೂ ತಮ್ಮ ಕೈಯಲ್ಲಿ ಬಿಚ್ಚಿಕೊಂಡವೇ ಎಂದು ಕಾಕಾ ಹೇಳುತ್ತಿದ್ದರು. ಯಾವುದು ಎಲ್ಲಿ ಕೈಕೊಟ್ಟಿತು, ತಾವು ಹೇಗೆ ಎಬ್ಬಿಸಿದೆವು ಎಂದು ಚಹಾ ಆರುವವರೆಗೂ ಕಥೆ. ಜಂಬದ ಮನುಷ್ಯ. ನಾನೇನು ಕಡಿಮೆಯೆ? ಕಾರಿನ ದೋಷ ಓದುವ ಸ್ಕ್ಯಾನರನ್ನು ನಮ್ಮ ಪೇಟೆಗೆ ಮೊದಲು ತಂದವನು ನಾನು.

ಅದಕ್ಕೆ ಸಿಕ್ಕ ಮೊದಲ ಕಾರು ಶಹಾಪುರದ ಮಾಸ್ತರರೊಬ್ಬರದು. ನಿಂತಲ್ಲೇ ಇಂಜಿನ್ ನಡುಗುತ್ತಿತ್ತು. ಸ್ಕ್ಯಾನರ್ ಪಿ೦೧೭೧ ಎಂಬ ದೋಷದ ಕೋಡು ತೋರಿಸಿತು: ಗಾಳಿಗೆ ತಕ್ಕಷ್ಟು ಪೆಟ್ರೋಲಿಲ್ಲ. ಫಿಲ್ಟರ್ ಬದಲಿಸಿದೆ, ಪೆಟ್ರೋಲ್ ಪಂಪ್ ಬದಲಿಸಿದೆ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ತೊಳೆದೆ. ಮೂರು ಸಲವೂ ಅದೇ ಕೋಡು ಮರಳಿ ಬಂತು.

"ಇವತ್ತ ಆಗಲಿಲ್ಲಂದ್ರ ಕಲಬುರಗಿಗೆ ಒಯ್ತೀನ್ರಿ. ಮಷೀನ್ ಅದ, ಕೆಲಸ ಬರಂಗಿಲ್ಲ ಅಂತ ಮಂದಿಗೆ ಹೇಳಬೇಕಾಗ್ತದ ನೋಡ್ರಿ," ಎಂದು ಮಾಸ್ತರರು ಚಹಾದಂಗಡಿಗೆ ಹೋದರು. ಅವರು ಹಾಗೆ ಹೇಳಿದ್ದರೆ ಆಮೇಲೆ ಒಂದು ಗಾಡಿಯೂ ನನ್ನ ಬಾಗಿಲಿಗೆ ಬರುತ್ತಿರಲಿಲ್ಲ. ಗ್ಯಾರೇಜು ಮುಚ್ಚಬೇಕಾಗುತ್ತಿತ್ತು.

ಕಾಕಾ ಬಂದು ಇಂಜಿನಿಗೆ ಕಿವಿಗೊಟ್ಟರು. "ಏನಂತದೋ ನಿನ್ನ ಮಷೀನ್?"

"ಪೆಟ್ರೋಲ್ ಕಡಿಮಿ ಅಂತದ ಕಾಕಾ."

"ಪೆಟ್ರೋಲ್ ಕಡಿಮಿ ಇಲ್ಲೋ, ಗಾಳಿ ಹೆಚ್ಚಾಗೇದ. ಎಲ್ಲೋ ಗಾಳಿ ಕುಡ್ಯಾಕತ್ತದ."

ಕಾಲುವೆಯ ಪಂಪು ನೀರೆತ್ತದಿದ್ದರೆ ನೀರೆಳೆಯುವ ಪೈಪಿನ ಮೇಲೆ ಹಸಿ ಎರೆಮಣ್ಣು ಮೆತ್ತುತ್ತಾ ಹೋಗುವುದು ಅವರ ಪದ್ಧತಿ. ಎಲ್ಲಿ ಮೆತ್ತಿದಾಗ ನೀರು ಏರಿತೋ ಅಲ್ಲೇ ಬಿರುಕು. ಇಲ್ಲಿಗೂ ಮಣ್ಣು ತರಲು ಹೊರಟರು. ಮಣ್ಣು ಇಂಜಿನ್ನಿನ ಒಳಗೆ ಹೋದರೆ ಕೆಟ್ಟೆವು ಎಂದು ನಾನು ಅಡ್ಡ ನಿಂತೆ. "ಭಾಳ ನಾಜೂಕ ಅದ ನಿನ್ನ ಗಾಡಿ" ಎಂದು ಗೊಣಗಿ ಮನೆಗೆ ಹೋದರು. ಹೆಂಡತಿ ನಾದಿಟ್ಟ ಚಪಾತಿ ಹಿಟ್ಟನ್ನು ಎತ್ತಿಕೊಂಡು ಬಂದರು. ಕಾಕಿ ಬಾಗಿಲಲ್ಲಿ ನಿಂತು ಬೈಯುತ್ತಲೇ ಇದ್ದರು.

ಇಂಜಿನ್ ಓಡುತ್ತಿದ್ದಂತೆಯೇ ಕಾಕಾ ಒಂದೊಂದೇ ರಬ್ಬರ್ ಕೊಳವೆಗೆ ಹಿಟ್ಟು ಮೆತ್ತಿದರು. ಏರ್ ಫಿಲ್ಟರಿನಿಂದ ಇಂಜಿನಿಗೆ ಹೋಗುವ ಕೊಳವೆಯ ಅಡಿಗೆ ಮೆತ್ತಿದ್ದೇ ತಡ, ನಡುಕ ನಿಂತಿತು. ರಬ್ಬರಿನ ಮಡಿಕೆಯೊಳಗೆ ಕಣ್ಣಿಗೆ ಕಾಣದ ಬಿರುಕಿತ್ತು. ಹಳೆಯ ಗಾಡಿಯೊಂದರ ಕೊಳವೆ ಬಿಚ್ಚಿ ಹಾಕಿದೆ. ಕೋಡು ಮತ್ತೆ ಬರಲಿಲ್ಲ.

"ಯಾರು ಹಿಡದ್ರಿ ಇದನ್ನ?" ಮಾಸ್ತರರು ಬಂದು ಕೇಳಿದರು.

ಕೈಗೆ ಅಂಟಿದ ಹಿಟ್ಟನ್ನು ಲುಂಗಿಗೆ ಒರೆಸಿಕೊಳ್ಳುತ್ತಾ ಕಾಕಾ ಹೇಳಿದರು: "ಮತ್ಯಾರ್ರಿ, ಇವನೇ ಹಿಡದಾನ. ನಮ್ಮ ಓಣ್ಯಾಂವ, ಭಾಳ ಹುಷಾರ್ ಅದಾನ."

ನಾನು ಹೌದು ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ನನ್ನ ಹೆಸರು ಶಹಾಪುರ ದಾಟಿ ಯಾದಗಿರಿಗೂ ಹೋಯಿತು. ಒಂದೊಂದು ಪಂಪಿನ ಕಥೆಯನ್ನು ನೂರು ಸಲ ಹೇಳಿದ ಆ ಮನುಷ್ಯ ಈ ಒಂದನ್ನು ಮಾತ್ರ ಸಾಯುವವರೆಗೂ ಯಾರಿಗೂ ಹೇಳಲಿಲ್ಲ...

ಈಗ ಗ್ಯಾರೇಜಿಗೆ ಬಂದವರಿಗೆಲ್ಲ ನಾನೇ ಎದೆಯುಬ್ಬಿಸಿ ಹೇಳುತ್ತೇನೆ: ಆ ಕಾರಿನ ರೋಗ ಹಿಡಿದವರು ನಮ್ಮ ಪಂಪಿನ ಕಾಕಾ. ಅವರು ಬದುಕಿದ್ದಾಗ ಅವರ ಕಿವಿಗೆ ಬೀಳುವ ಹಾಗೆ ಒಂದು ಸಲವೂ ಹೇಳಲಿಲ್ಲ.